ದೊಡ್ಡ ಯಂತ್ರದ ಕೋಡ್‌ಗೆ ದೊಡ್ಡ ಯಂತ್ರದಲ್ಲೇ ಟೆಸ್ಟ್ ಆಗಬೇಕೇ?

ಪರ: ಓಡುವ ಕಡೆಯೇ ಓಡಿಸಿ ನೋಡಬೇಕು

ಎಂಟು ಕೋರ್‌ಗಳ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್‌ಗಳೆಲ್ಲ ಪಾಸಾಗುತ್ತವೆ. (ಕೋರ್ ಅಂದರೆ ಚಿಪ್‌ನೊಳಗೆ ತನ್ನಷ್ಟಕ್ಕೆ ಕೆಲಸ ಮಾಡುವ ಒಂದು ಪ್ರೊಸೆಸರ್.) ಅದೇ ಪ್ರೋಗ್ರಾಂ 128 ಕೋರ್‌ಗಳ ಸರ್ವರ್‌ಗೆ ಹೋದ ಮೊದಲ ದಿನವೇ ತೆವಳತೊಡಗುತ್ತದೆ. ಬರೆದವರು ಸೋಮಾರಿಗಳೇನಲ್ಲ. ಅವರ ಕೈಲಿದ್ದ ಯಂತ್ರದಲ್ಲಿ ಆ ತಪ್ಪು ತಲೆ ಎತ್ತಲು ಜಾಗವೇ ಇರಲಿಲ್ಲ.

ಒಂದು ಸಣ್ಣ ವಿಷಯ ನೋಡಿ. ಪ್ರೋಗ್ರಾಂ ಯಾವ ಯಾವ ಕೋರ್ ಬಳಸಬಹುದು ಎಂದು ಗುರುತು ಹಾಕಲು 64 ಬಿಟ್‌ನ ಒಂದು ಸಂಖ್ಯೆ ಇಟ್ಟುಕೊಳ್ಳುವುದು ಹಳೆಯ ರೂಢಿ. ಕೋರ್‌ಗೊಂದು ಬಿಟ್, ಅಂದರೆ 0 ಅಥವಾ 1 ಹಾಕುವ ಒಂದು ಮನೆ. ಹಾಗಾದರೆ 65ನೇ ಕೋರ್‌ನ ಗುರುತು ಎಲ್ಲಿ ಹಾಕೋದು? 64ಕ್ಕಿಂತ ಜಾಸ್ತಿ ಪ್ರೊಸೆಸರ್‌ಗಳಿದ್ದರೆ ವಿಂಡೋಸ್ ಅವನ್ನು ಗುಂಪುಗಳಾಗಿ ಒಡೆಯುತ್ತದೆ. ವಿಂಡೋಸ್‌ನಂತೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಇಂಥದೇ ಪಟ್ಟಿಯಲ್ಲಿ 1024 ಪ್ರೊಸೆಸರ್‌ಗಳಿಗಷ್ಟೇ ಜಾಗ.

ನನ್ನನ್ನು ಹೆಚ್ಚು ಕಾಡುವುದು ವೇಗದ ಮಾತು. ಕೆಲಸದಲ್ಲಿ ಶೇ. 5ರಷ್ಟನ್ನು ಹಂಚಲು ಬರುವುದಿಲ್ಲ, ಒಂದಾದ ಮೇಲೊಂದು ಮಾಡಲೇಬೇಕು ಅಂದುಕೊಳ್ಳಿ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದಂತೆ ಲೆಕ್ಕ ಹಾಕಿದರೆ, 8 ಕೋರ್‌ಗಳಲ್ಲಿ ಸುಮಾರು 6 ಪಟ್ಟು ವೇಗ ಸಿಗುತ್ತದೆ. ಪರವಾಗಿಲ್ಲ, ಅಲ್ವಾ? 128 ಕೋರ್‌ಗಳಲ್ಲಿ ಸಿಗುವುದು ಬರೀ 17 ಪಟ್ಟು. ಆಮೇಲೆ ಎಷ್ಟೇ ಕೋರ್ ಸೇರಿಸಿದರೂ 20 ದಾಟುವುದಿಲ್ಲ.

ಇದು ಕಾಗದದ ಲೆಕ್ಕ. ನಿಜವಾದ ಯಂತ್ರದಲ್ಲಿ ಇನ್ನೂ ಕೆಡುತ್ತದೆ. ಮೆಮೊರಿಯಿಂದ ಕ್ಯಾಶ್‌ಗೆ (ಕೋರ್‌ಗೆ ಹತ್ತಿರವಿರುವ ಚಿಕ್ಕ, ವೇಗದ ಮೆಮೊರಿಗೆ) ಮಾಹಿತಿ ಬರುವುದು ಸಾಮಾನ್ಯವಾಗಿ 64 ಬೈಟ್‌ಗಳ ತುಂಡುಗಳಲ್ಲಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಎಣಿಕೆಗಳು ಒಂದೇ ತುಂಡಿನಲ್ಲಿ ಬಿದ್ದರೆ, ಅವನ್ನು ತಿದ್ದುವ ಕೋರ್‌ಗಳು ಆ ತುಂಡನ್ನು ಒಂದರಿಂದೊಂದು ಕಿತ್ತುಕೊಳ್ಳುತ್ತಲೇ ಇರುತ್ತವೆ. ನಾಲ್ಕು ಕೋರ್‌ಗಳ ಜಗಳ ಅಷ್ಟಾಗಿ ಗೊತ್ತಾಗದೆ ಹೋಗಬಹುದು. ನೂರು ಕೋರ್‌ಗಳು ಮುಗಿಬಿದ್ದರೆ, ಕೋರ್ ಹೆಚ್ಚಿದಷ್ಟೂ ಕೆಲಸ ನಿಧಾನವಾಗುವುದೂ ಉಂಟು.

2010ರಲ್ಲಿ ಎಂಐಟಿ ಸಂಶೋಧಕರು 48 ಕೋರ್‌ಗಳ ಯಂತ್ರದಲ್ಲಿ ಏಳು ಪ್ರೋಗ್ರಾಂಗಳನ್ನು ಓಡಿಸಿ, ಲಿನಕ್ಸ್ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಹುಡುಕಿದರು. ಸಿಕ್ಕ ತೊಡಕುಗಳಲ್ಲಿ ಒಂದು ತೀರಾ ಸಾದಾ: ಒಂದು ವಸ್ತು ಎಷ್ಟು ಕಡೆ ಬಳಕೆಯಲ್ಲಿದೆ ಎಂದು ಎಣಿಸುವ ಸಂಖ್ಯೆ. ಎಲ್ಲ ಕೋರ್‌ಗಳೂ ಅದನ್ನೇ ತಿದ್ದಲು ಹೋಗಿ ಕಾಯುತ್ತಿದ್ದವು. ಆ ಕೋಡ್‌ನ ತರ್ಕದಲ್ಲಿ ತಪ್ಪಿಲ್ಲ. ಸುಮ್ನೆ ಓದಿಕೊಂಡು ಹೋದರೆ ಏನೂ ಕಾಣುವುದಿಲ್ಲ. ದೊಡ್ಡ ಯಂತ್ರದಲ್ಲಿ ಓಡಿಸಿದಾಗ ಮಾತ್ರ ಅದು ಬಾಯಿ ಬಿಡುತ್ತದೆ.

ವಿರೋಧ: ಬಗ್ ಹುಡುಕಲು ಎರಡು ಥ್ರೆಡ್ ಸಾಕು

ವೇಗ ಅಳೆಯಲು ದೊಡ್ಡ ಯಂತ್ರ ಬೇಕು, ಒಪ್ಪುತ್ತೇನೆ. ಆದರೆ ಪ್ರೋಗ್ರಾಂ ನಿಧಾನವಾಗುವುದು ಬೇರೆ, ತಪ್ಪು ಉತ್ತರ ಕೊಡುವುದು ಬೇರೆ. ಎರಡನೆಯದು ಜೀವ ತೆಗೆಯಬಲ್ಲದು.

ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರೊಳಗೆ ಆರು ರೋಗಿಗಳಿಗೆ ವಿಪರೀತ ವಿಕಿರಣ ಹರಿಸಿತು. ಕೆಲವರು ಸತ್ತರು. ಒಂದು ಕಾರಣ, ಎರಡು ಕೆಲಸಗಳು ಒಂದೇ ಮಾಹಿತಿಯನ್ನು ಹಿಂದುಮುಂದಾಗಿ ಮುಟ್ಟುತ್ತಿದ್ದದ್ದು. ಆಪರೇಟರ್ ಬೇಗ ಬೇಗ ಟೈಪ್ ಮಾಡಿದಾಗ ಮಾತ್ರ ಅದು ಹೊರಬರುತ್ತಿತ್ತು. ಅದರೊಳಗಿದ್ದದ್ದು ಪಿಡಿಪಿ-11 ಕಂಪ್ಯೂಟರ್. ಪ್ರೊಸೆಸರ್ ಒಂದೇ!

2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೈಎಸ್‌ಕ್ಯೂಎಲ್, ಅಪಾಚೆ, ಮೊಜಿಲ್ಲಾ, ಓಪನ್ ಆಫೀಸ್ ಎಂಬ ಸಾಫ್ಟ್‌ವೇರ್‌ಗಳಲ್ಲಿ ಸಿಕ್ಕ ಇಂಥ 105 ಬಗ್‌ಗಳನ್ನು (ಪ್ರೋಗ್ರಾಂನ ತಪ್ಪುಗಳನ್ನು) ಬಿಡಿಸಿ ನೋಡಿತು. ಶೇ. 96ರಷ್ಟು ಬಗ್‌ಗಳು, ಕೇವಲ ಎರಡು ಥ್ರೆಡ್‌ಗಳ (ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಸಾಗುವ ಕೆಲಸದ ಎಳೆಗಳ) ಹೆಜ್ಜೆಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ಬಿದ್ದರೆ ಸಾಕು, ಖಂಡಿತ ಹೊರಬರುವಂಥವು. ಅಂದರೆ ಹುಡುಕಬೇಕಾದದ್ದು ಆ ಕ್ರಮವನ್ನು. ತಲಾ ಹತ್ತು ಹೆಜ್ಜೆ ಇಡುವ ಎರಡು ಥ್ರೆಡ್‌ಗಳು 1,84,756 ಬಗೆಯಲ್ಲಿ ಹೆಣೆದುಕೊಳ್ಳಬಹುದು. ದೊಡ್ಡ ಯಂತ್ರ ರಾತ್ರಿಯಿಡೀ ಓಡಿದರೂ ಅದು ತುಳಿಯುವುದು ಹೆಚ್ಚಾಗಿ ಸವೆದ ದಾರಿಯನ್ನೇ. ಹುಡುಕಲೆಂದು ಒಂದು ಸಾಲು ಪ್ರಿಂಟ್ ಸೇರಿಸಿದರೆ ಸಮಯ ಸ್ವಲ್ಪ ಬದಲಾಗಿ ಬಗ್ ಮಾಯ! ಈ ಸಂಕಟ ಪಟ್ಟವರಿಗೇ ಗೊತ್ತು.

ಥ್ರೆಡ್‌ಸ್ಯಾನಿಟೈಸರ್‌ನಂಥ ಸಾಧನ ಕ್ರ್ಯಾಶ್ ಆಗಲೆಂದು ಕಾಯುವುದಿಲ್ಲ. ಎರಡು ಥ್ರೆಡ್‌ಗಳು ಒಂದೇ ಜಾಗವನ್ನು ಮುಟ್ಟಿದಾಗ ಅವುಗಳ ನಡುವೆ ಹಿಂದುಮುಂದು ಎಂಬ ಕಟ್ಟಳೆ ಇದೆಯೇ ಎಂದು ನೋಡುತ್ತದೆ. ಪ್ರೋಗ್ರಾಂ 5ರಿಂದ 15 ಪಟ್ಟು ನಿಧಾನವಾಗುತ್ತದೆ ನಿಜ, ಆದರೆ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮುಗಿಯುತ್ತದೆ. ಇನ್ನು ಆ 65ನೇ ಕೋರ್? ನಾಲ್ಕು ಕೋರ್‌ಗಳ ಯಂತ್ರದ ಮೇಲೂ ನೂರು ಪ್ರೊಸೆಸರ್‌ಗಳಿರುವ ವರ್ಚುವಲ್ ಮೆಷಿನ್ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ಎಬ್ಬಿಸಬಹುದು. ನಿಧಾನಕ್ಕೆ ಓಡುತ್ತದೆ, ಆದರೆ 64 ಬಿಟ್‌ನ ಎಡವಟ್ಟು ಅಲ್ಲೇ ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ರಿಪೇರಿಯ ನಂತರದ ಪ್ರಶ್ನೆ. ದೊಡ್ಡ ಯಂತ್ರದಲ್ಲಿ ಮೂರು ದಿನಕ್ಕೊಮ್ಮೆ ಕಾಣುತ್ತಿದ್ದ ಬಗ್‌ಗೆ ಏನೋ ತಿದ್ದುಪಡಿ ಮಾಡಿದಿರಿ. ವಾರವಿಡೀ ಸದ್ದಿಲ್ಲ. ಅದು ಹೋಯಿತೇ, ಅಡಗಿದೆಯೇ? ಥ್ರೆಡ್‌ಗಳ ಕ್ರಮವನ್ನು ಕೈಯಲ್ಲಿ ಹಿಡಿದು ಓಡಿಸುವ ಸಾಧನವಿದ್ದರೆ, ಬಗ್ ಹುಟ್ಟಿಸಿದ ಆ ಕ್ರಮವನ್ನೇ ಮತ್ತೆ ಹಾಕಿ ನೋಡಬಹುದು. ಉತ್ತರ ಒಂದು ನಿಮಿಷದಲ್ಲಿ ಸಿಗುತ್ತದೆ.