ಹೊಟ್ಟೆ ಬಂದರೆ ಬೈಗುಳ ಬಾಯಿಗೆ

ಮೊನ್ನೆ ಸಾಗರದ ಕಡೆ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೆ. ದೊಡ್ಡಮ್ಮ ಬಂದು, "ಏನೋ, ಹೊಟ್ಟೆ ಬಂದಿದೆ! ಹೆಂಡತಿ ಚೆನ್ನಾಗಿ ಬಡಿಸ್ತಾಳೆ ಅಂತಾಯ್ತು" ಅಂದರು. ಪಕ್ಕದಲ್ಲಿದ್ದ ಹೆಂಡತಿ ಹೋಳಿಗೆ ಬೇಡ ಅಂದುಬಿಟ್ಟಳು, ನನಗೂ ಸೇರಿಸಿ.

ಪಾಪ, ಅವಳ ತಪ್ಪೇನಿಲ್ಲ. ನನ್ನದು ವಿನೋಬನಗರದ ಮನೆಯಿಂದಲೇ ಕೆಲಸ. ಕಂಪನಿ ಬೆಂಗಳೂರಿನದು, ಗಿರಾಕಿಗಳು ಅಮೆರಿಕದವರು. ಸಂಜೆ 6ಕ್ಕೆ ಲಾಗಿನ್, ಬೆಳಗಿನ ಜಾವ 3ಕ್ಕೆ ಮುಗಿದರೆ ಪುಣ್ಯ. ನಾಲ್ಕು ವರ್ಷದಲ್ಲಿ 67 ಕೆಜಿ ಇದ್ದವನು 81 ಆದೆ. ನಾನು ತಿನ್ನುವುದೇನೂ ಜಾಸ್ತಿ ಆಗಿಲ್ಲ ಅಂತ ಬಹಳ ದಿನ ವಾದ ಮಾಡಿದೆ. ಸುಳ್ಳು. ರಾತ್ರಿ 1 ಗಂಟೆಗೆ ಅಡುಗೆಮನೆಗೆ ಹೋಗುತ್ತೇನೆ. ಲೈಟ್ ಹಾಕುವುದಿಲ್ಲ. ಡಬ್ಬಿ ಮುಚ್ಚಳ ಸದ್ದಾಗದಂತೆ ತೆಗೆದು, ಚಕ್ಕುಲಿ ಬಾಯಲ್ಲಿಟ್ಟುಕೊಂಡು ಅದು ನೆನೆಯಲಿ ಅಂತ ಕಾಯುತ್ತೇನೆ. ಕಡಿದರೆ ಮಗು ಎದ್ದುಬಿಡುತ್ತದೆ.

ಇದು ಬರೀ ಬಾಯಿ ಚಪಲ ಅಲ್ಲ. ನಿದ್ದೆ ಕೆಟ್ಟರೆ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಏರುತ್ತದೆ, 'ಸಾಕು' ಅನ್ನುವ ಲೆಪ್ಟಿನ್ ಇಳಿಯುತ್ತದೆ. ರಾತ್ರಿ ಹೊತ್ತು ಇನ್ಸುಲಿನ್ ಕೆಲಸವೂ ಮಂದ. ಬೆಳಿಗ್ಗೆ ಉಂಡ ಅದೇ ಅನ್ನವನ್ನು ನಡುರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಇನ್ನೂ ಮೇಲೆ ಹೋಗುತ್ತದೆ. ಹಗಲು-ರಾತ್ರಿ ನೋಡಿ ಮೈಯನ್ನು ಹೀಗೆ ನಡೆಸುವ ಒಳಗಿನ ಗಡಿಯಾರ ಹೇಗೆ ನಡೆಯುತ್ತದೆ ಅಂತ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಮ್ಯಾನೇಜರ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಡಾಕ್ಟರ್ ಹತ್ತಿರ ಹೋದೆ. "ರಾತ್ರಿ ಊಟ 8ರೊಳಗೆ ಮುಗಿಸಿ, ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಮಾಡಿ" ಅಂದರು. ಒಳ್ಳೆ ಮಾತೇ. ಆದರೆ 8ಕ್ಕೆ ನನಗೆ ಮೀಟಿಂಗ್. ಬೆಳಿಗ್ಗೆ ಅಂದರೆ ನನಗೆ ನಡುರಾತ್ರಿ. ಸಿಹಿ ತಿಂತೀರಾ ಕೇಳಿದರು, ಅಪ್ಪನಿಗೆ ಶುಗರ್ ಇತ್ತಾ ಕೇಳಿದರು. ಕೆಲಸ ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ ಅಂತ ಕೇಳಲೇ ಇಲ್ಲ. ನನ್ನ ತಕರಾರು ಇಷ್ಟೇ. ಹೊಟ್ಟೆ ಬಂದರೆ ಎಲ್ಲರೂ ಬಾಯಿಗೆ ಬೈಯುತ್ತಾರೆ, ಡ್ಯೂಟಿ ಟೈಮಿಗೆ ಯಾರೂ ಬೈಯುವುದಿಲ್ಲ.

ತೂಕವೊಂದೇ ಆಗಿದ್ದರೆ ಪ್ಯಾಂಟ್ ಬದಲಿಸಿ ಸುಮ್ಮನಿರಬಹುದಿತ್ತು. ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ, 35-40 ಗಂಟೆ ದುಡಿಯುವವರಿಗಿಂತ 35% ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯವರು 2021ರಲ್ಲೇ ಹೇಳಿದ್ದಾರೆ. ಇತ್ತ 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ವಾರಕ್ಕೆ 48 ದಾಟಬಾರದು, ನಿಜ. ಆದರೆ 12 ಗಂಟೆ ಮುಗಿಸಿ ಬಸ್ ಹಿಡಿದು ಊರು ಸೇರುವ ಹೆಂಗಸು ಒಲೆ ಹಚ್ಚುವುದು ಎಷ್ಟು ಹೊತ್ತಿಗೆ, ಉಣ್ಣುವುದು ಎಷ್ಟು ಹೊತ್ತಿಗೆ?

"ಹಿಂದಿನವರು ದುಡಿಯಲಿಲ್ವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ದುಡಿದರು. ನಮ್ಮಮ್ಮ ತೀರ್ಥಹಳ್ಳಿ ಕಡೆಯವರು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದರೆ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತವರು ಏಳುವಾಗ ರಾತ್ರಿ 11. ಅದೇನು ಸುಖದ ಕಾಲ ಅಂತ ನಾನು ಹೇಳುತ್ತಿಲ್ಲ, ಅಮ್ಮನ ಸೊಂಟ ಇವತ್ತಿಗೂ ಸಾಕ್ಷಿ ಹೇಳುತ್ತದೆ. ಆದರೆ ಎರಡು-ಮೂರು ತಿಂಗಳಲ್ಲಿ ಅಡಿಕೆ ಬೆಂದು, ಒಣಗಿ, ಮಂಡಿಗೆ ಹೋಗುತ್ತಿತ್ತು. ಚಪ್ಪರದ ಲೈಟ್ ಆರುತ್ತಿತ್ತು. ನನ್ನದು 12 ತಿಂಗಳೂ ಸುಗ್ಗಿ.

ಕಂಪನಿಗೆ ನಮ್ಮ ಆರೋಗ್ಯದ ಕಾಳಜಿ ಇಲ್ಲ ಅನ್ನುವ ಹಾಗಿಲ್ಲ. ಹೋದ ವಾರ ಮೆಸೇಜ್ ಬಂತು, ದಿನಕ್ಕೆ 10,000 ಹೆಜ್ಜೆ ನಡೆದವರಿಗೆ ಬಹುಮಾನವಂತೆ. ಬಂದಿದ್ದು ರಾತ್ರಿ 11.40ಕ್ಕೆ. ನಾನೂ ಹಟಕ್ಕೆ ಬಿದ್ದು, ಕಿವಿಗೆ ಹೆಡ್‌ಫೋನ್ ಹಾಕಿ ಮೀಟಿಂಗ್ ಕೇಳುತ್ತಾ ತಾರಸಿ ಮೇಲೆ ತಿರುಗಲು ಶುರು ಮಾಡಿದೆ. ನಿನ್ನೆ 4,212 ಆಗಿತ್ತು. ಅಷ್ಟರಲ್ಲಿ ಎದುರುಮನೆಯವರು ಕಳ್ಳ ಅಂತ ಟಾರ್ಚ್ ಬಿಟ್ಟರು.