ಸ್ಪಷ್ಟನೆ: ಕ್ಲೌಡ್ ಡೆಸ್ಕ್‌ಟಾಪ್ ಇದ್ದರೂ ಬ್ಯಾಕಪ್ ಬೇಕು

‘ಕಚೇರಿಯ ಕಂಪ್ಯೂಟರ್‌ಗಳನ್ನೆಲ್ಲ ಕ್ಲೌಡ್‌ಗೆ ಏರಿಸಿದರೆ ಬ್ಯಾಕಪ್ ಗೊಡವೆಯೇ ಇಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಅದೂ ಮಾರುವವರಿಗೆ ಅನುಕೂಲವಾದ ಅರ್ಧ.

ಕ್ಲೌಡ್ ಡೆಸ್ಕ್‌ಟಾಪ್ ಎಂದರೆ ದೂರದ ಸರ್ವರ್‌ನಲ್ಲಿದ್ದು, ಇಂಟರ್‌ನೆಟ್ ಮೂಲಕ ಎಲ್ಲಿಂದ ಬೇಕಾದರೂ ತೆರೆಯಬಹುದಾದ ಕಂಪ್ಯೂಟರ್. ಕಚೇರಿಗೆ ನೀರು ನುಗ್ಗಿದರೂ ನೌಕರರು ಮನೆಯ ಲ್ಯಾಪ್‌ಟಾಪ್‌ನಿಂದ ಅದೇ ಡೆಸ್ಕ್‌ಟಾಪ್ ತೆರೆದು ಕೆಲಸ ಮುಂದುವರಿಸಬಹುದು ಎಂಬುದೇನೋ ನಿಜ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಜಲಾವೃತವಾದಾಗ ಇಂಥ ಸೌಲಭ್ಯದ ಬೆಲೆ ಹಲವರಿಗೆ ತಿಳಿದಿತ್ತು. ಆದರೆ ಕ್ಲೌಡ್ ಇರುವುದೂ ನೆಲದ ಮೇಲಿನ ಯಾವುದೋ ಕಟ್ಟಡದಲ್ಲೇ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಪಕ್ಕದ್ದರ ಒಂದು ಭಾಗವೂ ಬೆಂಕಿಗೆ ತುತ್ತಾಯಿತು. ಬೇರೆಡೆ ಪ್ರತಿ ಇಟ್ಟುಕೊಳ್ಳದ ಹಲವು ಗ್ರಾಹಕರ ದತ್ತಾಂಶ ಮರಳಲೇ ಇಲ್ಲ. ಬ್ಯಾಕಪ್‌ಗೆಂದು ಹಣ ಕೊಟ್ಟಿದ್ದ ಕೆಲವರಿಗೂ ಅದೇ ಗತಿ: ಮೂಲವೂ ಪ್ರತಿಯೂ ಒಂದೇ ಆವರಣದಲ್ಲಿದ್ದವು!

ಇನ್ನು ಅಮೆಜಾನ್‌ನ ಕ್ಲೌಡ್ ಡೆಸ್ಕ್‌ಟಾಪ್ ಸೇವೆಯಾದ ವರ್ಕ್‌ಸ್ಪೇಸಸ್ ತಾನಾಗಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ದತ್ತಾಂಶದ ಪ್ರತಿ) ತೆಗೆಯುವುದು 12 ಗಂಟೆಗೊಮ್ಮೆ. ಬೆಳಿಗ್ಗೆ ಸಿದ್ಧಪಡಿಸಿದ ಜಿಎಸ್‌ಟಿ ಲೆಕ್ಕ ಮಧ್ಯಾಹ್ನ ಅಳಿದುಹೋದರೆ ಅದರಲ್ಲಿ ಸಿಗದೇ ಇರಬಹುದು.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪ್ರತಿ ಯಾವ ಊರಿನಲ್ಲಿರುತ್ತದೆ, ಎಷ್ಟು ಹೊತ್ತಿಗೊಮ್ಮೆ ತೆಗೆಯುತ್ತಾರೆ, ಮರಳಿ ಪಡೆಯಲು ಎಷ್ಟು ಸಮಯ ಬೇಕು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿನ ಭರವಸೆ ಸಾಲದು.