ಬೆಳ್ಳಿ ರೂಪಾಯಿಯ ಮೇಲಿನ ಕಪ್ಪೆಲ್ಲ ಕೊಳೆಯಲ್ಲ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಪೂಜೆ ಡಬ್ಬಿಯಲ್ಲಿರುವ ವಿಕ್ಟೋರಿಯಾ, ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳಿಗೆ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟಿನ ಉಜ್ಜಾಟ ಶುರು. ಬೆಳ್ಳಗೆ ಹೊಳೆಯುವ ನಾಣ್ಯವೇ ಚೆಂದ ಎನ್ನುವ ಸಂಗ್ರಾಹಕರೂ ಬೇಕಾದಷ್ಟು ಇದ್ದಾರೆ. ಬಣ್ಣ ತಿರುಗಿದ ನಾಣ್ಯವನ್ನು ಮುಟ್ಟಲೇಬಾರದು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಕಡೆ, ಆದರೆ ಪೂರ್ತಿಯಾಗಿ ಅಲ್ಲ. ಕೊಳೆ ತೊಳೆಯಿರಿ, ಬಣ್ಣ ಕೀಳಬೇಡಿ.

ಬ್ರಿಟಿಷ್ ಕಾಲದ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ಶೇ. 91.7 ಬೆಳ್ಳಿ, ಉಳಿದದ್ದು ತಾಮ್ರ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡಿನ ತೆಳು ಪದರ ಕಟ್ಟುತ್ತದೆ. ಪದರ ದಪ್ಪವಾದ ಹಾಗೆಲ್ಲ ಮೊದಲು ಜೇನಿನ ಬಣ್ಣ, ಆಮೇಲೆ ಕೆನ್ನೇರಳೆ, ನೀಲಿ, ಕೊನೆಗೆ ಕಪ್ಪು. ಇದು ಹೊರಗಿನಿಂದ ಬಂದು ಕೂತ ಧೂಳಲ್ಲ, ನಾಣ್ಯದ ಬೆಳ್ಳಿಯೇ ಬದಲಾದದ್ದು. ಉಜ್ಜಿ ತೆಗೆದರೆ ಅಷ್ಟು ಬೆಳ್ಳಿಯೂ ಹೋಯಿತೆಂದೇ ಲೆಕ್ಕ.

ಅದಕ್ಕಿಂತ ದೊಡ್ಡ ನಷ್ಟ ಲಸ್ಟರ್‌ನದು, ಅಂದರೆ ಟಂಕಿಸಿದಾಗಿನ ಮೂಲ ಹೊಳಪಿನದು. ಅಚ್ಚು ಒತ್ತಿದಾಗ ಲೋಹ ಅಂಚಿನ ಕಡೆಗೆ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಹೊಸದಾಗಿಯೇ ಉಳಿದ ನಾಣ್ಯವನ್ನು ದೀಪದಡಿ ಓರೆ ಮಾಡಿದಾಗ ಬೆಳಕು ಚಕ್ರದ ಹಾಗೆ ತಿರುಗುವುದು ಈ ಗೆರೆಗಳಿಂದ. ವಿಭೂತಿಯೇ ಇರಲಿ, ಪೇಸ್ಟೇ ಇರಲಿ, ಉಜ್ಜಿದರೆ ಇವು ಸವೆಯುತ್ತವೆ, ಅವುಗಳ ಜಾಗದಲ್ಲಿ ಒಂದೇ ದಿಕ್ಕಿನ ಗೀರುಗಳು ಉಳಿಯುತ್ತವೆ. ಥಯೋಯೂರಿಯಾ ಎಂಬ ರಾಸಾಯನಿಕ ಮತ್ತು ಆಮ್ಲ ಸೇರಿದ 'ಡಿಪ್', ಅಂದರೆ ನಾಣ್ಯ ಅದ್ದುವ ದ್ರಾವಣ, ಗೀರು ಬೀಳಿಸುವುದಿಲ್ಲ ನಿಜ. ಆದರೆ ಮತ್ತೆ ಮತ್ತೆ ಅದ್ದಿದರೆ ಅದೂ ಗೆರೆಗಳನ್ನು ಕರಗಿಸಿ ಸತ್ತ ಬಿಳುಪು ಬಿಡುತ್ತದೆ. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಕುಂಕುಮ ಭರಣಿಗೆ, ದೀಪಕ್ಕೆ ಸರಿ. ಸಲ್ಫೈಡು ಬೆಳ್ಳಿಗೆ ಮರಳುತ್ತದಾದರೂ ಹಳೆಯ ಗೆರೆಗಳಾಗಿ ಮರಳುವುದಿಲ್ಲ. ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್ ಕಂಪನಿಗಳು ಇಂಥ ನಾಣ್ಯಕ್ಕೆ ಅಂಕ ಕೊಡದೆ 'ಕ್ಲೀನ್ಡ್' ಎಂದು ಬರೆದು ಕಳಿಸುತ್ತವೆ. ಬೆಲೆ ಅಲ್ಲಿಗೇ ಕುಸಿಯುತ್ತದೆ.

ಹಾಗಾದರೆ ಎಣ್ಣೆ, ಕೈಜಿಡ್ಡು? ಇದಕ್ಕೆ ಜಿಡ್ಡು ಕರಗಿಸುವ ಅಸಿಟೋನ್ ದ್ರವ ಸಾಕು, ಅದು ಬೆಳ್ಳಿಯನ್ನು ಮುಟ್ಟುವುದಿಲ್ಲ. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಬಣ್ಣ, ಎಣ್ಣೆ ಬೆರೆತಿರುತ್ತವೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಶುದ್ಧವಾದದ್ದು ಸಿಗುತ್ತದೆ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ. ಈ ಎರಡನೆಯ ಸ್ನಾನ ಬಿಟ್ಟರೆ ಕರಗಿದ ಜಿಡ್ಡೇ ತೆಳುವಾಗಿ ಮತ್ತೆ ನಾಣ್ಯದ ಮೇಲೆ ಒಣಗುತ್ತದೆ. ಅಂಚನ್ನು ಹಿಡಿದು ಎತ್ತಿ ಹಾಗೇ ಆರಲು ಬಿಡಿ, ಒರೆಸಬೇಡಿ. ಕಿಟಕಿ ತೆರೆದಿರಲಿ. ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು, ಅಸಿಟೋನ್ ಥಟ್ಟನೆ ಹತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಟ್ಟಲಂತೂ ಬೇಡವೇ ಬೇಡ.

ಅರಿಸಿನ-ಕುಂಕುಮ, ಮಣ್ಣು ಅಂಟಿದ್ದರೆ ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ದಿನ ನೆನೆಸಿ. ಹಸಿರು ಲೋಳೆ ಕಂಡರೆ ತಪ್ಪು ನಾಣ್ಯದ್ದಲ್ಲ, ಆಲ್ಬಮ್ಮಿನದು. ಮೆತ್ತನೆಯ ಪಿವಿಸಿ ಹಾಳೆ ಹಳತಾದಂತೆ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಇಲ್ಲಿ ಸುಮ್ಮನಿರುವುದೇ ತಪ್ಪು. ಕೂಡಲೇ ಅಸಿಟೋನಿಗೆ ಹಾಕಿ, ಆಮೇಲೆ ಪಿವಿಸಿ ಇಲ್ಲದ ಮೈಲಾರ್ ಪ್ಲಾಸ್ಟಿಕ್ಕಿನ ಹೋಲ್ಡರಿನಲ್ಲಿಡಿ.

'ಮುಟ್ಟಲೇಬಾರದು' ಎನ್ನುವವರ ಜೊತೆ ನನ್ನ ತಕರಾರು ಇನ್ನೊಂದು ಕಡೆಯೂ ಇದೆ. ಮಣ್ಣಲ್ಲಿ ನೂರಾರು ವರ್ಷ ಹೂತಿದ್ದ ಪಂಚ್‌ಮಾರ್ಕ್ ನಾಣ್ಯಗಳನ್ನು (ಬಿಡಿ ಬಿಡಿ ಮುದ್ರೆ ಒತ್ತಿದ ಪ್ರಾಚೀನ ಬೆಳ್ಳಿ ನಾಣ್ಯಗಳು) ಶುಚಿ ಮಾಡದಿದ್ದರೆ ಸೂರ್ಯನ, ಬೆಟ್ಟದ ಮುದ್ರೆಗಳೇ ಕಾಣುವುದಿಲ್ಲ. ಆದರೆ ಗಟ್ಟಿ ಕ್ಲೋರೈಡ್ ಪೊರೆಯ ಕೆಳಗೆ ಲೋಹ ಬಿಸ್ಕತ್ತಿನಂತೆ ಪೆಡಸಾಗಿರಬಹುದು. ಅದು ಪಳಗಿದ ಕೈಗಳ ಕೆಲಸ, ಅಡುಗೆಮನೆಯದಲ್ಲ.

ಪೂಜೆಗೆ ನಾಣ್ಯ ಹೊಳೆಯಲೇಬೇಕು ಎನ್ನುವವರ ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಹುಣಸೆಹಣ್ಣು ನೆನೆಹಾಕುವ ಮೊದಲು ಇಸವಿ ಮಾತ್ರ ನೋಡಿಬಿಡಿ. 1918, 1919, 1920ರ ಸವೆದ ಐದನೇ ಜಾರ್ಜ್ ರೂಪಾಯಿಗಳು ಧಾರಾಳವಾಗಿ ಸಿಗುತ್ತವೆ, ಅವನ್ನು ಪೂಜೆಗೆ ಇಟ್ಟುಕೊಳ್ಳಿ. 1911ರ 'ಹಂದಿ ರೂಪಾಯಿ' (ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡದ್ದರಿಂದ ಬಂದ ಹೆಸರು), ಆರನೇ ಜಾರ್ಜ್ ಕಾಲದ 1939ರದ್ದು, ಹೊಸದರಂತೆ ಉಳಿದ ಯಾವುದೇ ವಿಕ್ಟೋರಿಯಾ ಕಂಡರೆ ಬೇರೆ ಎತ್ತಿಡಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. ಆ ನಾಣ್ಯಗಳನ್ನು ಉಜ್ಜಿದಷ್ಟೂ ಮೇಲಿನ ಬಿಳುಪು ಸವೆದು ಒಳಗಿನ ಹಳದಿ ಛಾಯೆ ಹೊರಗೆ ಬರುತ್ತದೆ. ಬಿಳಿ ಹೊಳಪು ಬೇಕೆಂದು ಉಜ್ಜುವವರಿಗೆ ಅಲ್ಲಿ ಅದೂ ದಕ್ಕುವುದಿಲ್ಲ.